ವಿಮೆಯ ಲೆಕ್ಕವನ್ನು ಸರಕಾರವು ಕೇಳುವದೇಕೆ?

ಕಳೆದ ಸೋಮವಾರ ಮಲಪ್ರಭೆಯ ದಂಡೆಗೆ ಹೋಗಿ ಗಂಗಾಂಬಿಕೆಯ ಐಕ್ಯಮಂಟಪದ ದರ್ಶನ ತೀರಿಸಿಕೊಂಡು ಬರುವಷ್ಟರಲ್ಲಿ, ನನ್ನ ಹಳೆಯ ಶಿಷ್ಯನೊಬ್ಬನು ಮನೆಯ ಕಟ್ಟೆಯ ಮೇಲೆ ಕಾಯುತ್ತ ಕುಳಿತಿದ್ದನು. ಹೆದ್ದಾರಿಯ ಬದಿಯಲ್ಲಿ ಆತನದೊಂದು ಕಬ್ಬಿಣ ಸಾಮಾನಿನ ಅಂಗಡಿಯಿದೆ. ಕೈಯಲ್ಲಿ ವಿಮೆಯ ಅರ್ಜಿಯಿತ್ತು.

“ಗುರುಗಳೇ, ಅಂಗಡಿಯ ಪಿನ್‌ಕೋಡು ಯಾವದು, ಗೋಡೆ ಯಾತರದು, ಸರಕು ಎಷ್ಟು ಬೆಲೆಯದು ಎಂದೆಲ್ಲ ಕೇಳಿದ್ದಾರೆ. ಭಯೋತ್ಪಾದನೆಯದೆಂಬ ಒಂದು ಕಲಮೂ ಇದೆ. ಈ ಲೆಕ್ಕವು ಕಂಪನಿಯಿಂದ ಮೇಲಿನವರಿಗೂ ಹೋಗುವದಂತೆ. ಸರಕಿನ ಬೆಲೆಯನ್ನು ಅರ್ಧಕ್ಕೆ ಇಳಿಸಿ ಬರೆದುಬಿಡಲೇ?” ಎಂದು ಕೇಳಿದನು.

ಪ್ರಶ್ನೆಯು ಅವನೊಬ್ಬನದಲ್ಲ, ಅನೇಕ ಗೃಹಸ್ಥರ ಮನಸ್ಸಿನಲ್ಲಿ ಇರತಕ್ಕದ್ದೇ. ಆದಕಾರಣ ಈ ತಿಂಗಳು ಅದನ್ನೇ ವಾಚಕರ ಮುಂದೆ ಇಡುತ್ತೇನೆ.

ಸಂಸ್ಕೃತದಲ್ಲಿ ಯೋಗಕ್ಷೇಮವೆಂಬ ಮಾತುಂಟು. ಇಲ್ಲದ್ದನ್ನು ಪಡೆಯುವದು ಯೋಗ. ಪಡೆದದ್ದನ್ನು ಕಾಪಾಡುವದು ಕ್ಷೇಮ. ವಿಮೆಯು ಎರಡನೆಯದಕ್ಕೆ ಸಾಧನ. ಸಾವಿರ ಅಂಗಡಿಗಳಲ್ಲಿ ವರ್ಷಕ್ಕೆ ಎಷ್ಟಕ್ಕೆ ಬೆಂಕಿ ತಗಲೀತೆಂಬದನ್ನು ಹಿಂದಿನ ಅನುಭವದಿಂದ ಅಂದಾಜು ಮಾಡಬಹುದು. ಅದರ ಮೇಲಿಂದ ಹಪ್ತೆಯನ್ನು ಗೊತ್ತುಪಡಿಸಬಹುದು. ಭಯೋತ್ಪಾದಕನ ಕೃತ್ಯವು ಹಾಗಲ್ಲ. ಅದು ಮನುಷ್ಯನ ದುರ್ಬುದ್ಧಿಯಿಂದ ಹುಟ್ಟುವದು, ಅಪರೂಪಕ್ಕೆ ಬರುವದು, ಬಂದಾಗ ಜನವೂ ಧನವೂ ನೆರೆದ ಸ್ಥಳವನ್ನೇ ಹುಡುಕುವದು. ಹಿಂದಿನ ಲೆಕ್ಕವು ಇಲ್ಲಿ ದಾರಿ ತೋರಿಸಲಾರದು. ಒಂದು ಸ್ಥಳದಲ್ಲಿ ಎಷ್ಟು ಬೆಲೆಯ ಸೊತ್ತಿಗೆ ಮಾತು ಕೊಟ್ಟಿದ್ದೇನೆಂಬದನ್ನು ಮಾತ್ರ ಕಂಪನಿಯು ಬಲ್ಲದು. ಆದರೆ ಅದು ಬಲ್ಲದ್ದು ತನ್ನ ಗಂಟನ್ನಷ್ಟೇ. ಎಲ್ಲ ಕಂಪನಿಗಳ ಗಂಟನ್ನೂ ಕೂಡಿಸಿ ನೋಡಬೇಕಾದರೆ ಎಲ್ಲರಿಗೂ ಮೇಲಾದ ಅಧಿಕಾರವೊಂದು ಕೇಳಬೇಕಾಗುವದು. ಲೆಕ್ಕ ಕೇಳುವದರ ಮೂಲವು ಇಲ್ಲಿದೆ.

೨೦೦೧ರ ಸೆಪ್ಟೆಂಬರ ೧೧ರಂದು ನ್ಯೂಯಾರ್ಕಿನ ಗೋಪುರಗಳು ಬಿದ್ದ ತರುವಾಯ, ವಿಮಾ ಕಂಪನಿಗಳ ಭಾರವನ್ನು ಹಂಚಿಕೊಳ್ಳುತ್ತಿದ್ದ ಪರದೇಶದ ಮರುವಿಮೆಗಾರರು ಈ ಅಪಾಯದಿಂದ ಹಿಂದೆ ಸರಿದರು. ಆಗ ನಮ್ಮ ದೇಶದ ಸಾಮಾನ್ಯ ವಿಮಾ ಕಂಪನಿಗಳೆಲ್ಲ ಕೂಡಿ ೨೦೦೨ರ ಏಪ್ರಿಲದಲ್ಲಿ ಒಂದು ಸಾಮೂಹಿಕ ನಿಧಿಯನ್ನು ಕಟ್ಟಿಕೊಂಡವು. ಅದರ ಆಡಳಿತವು ಭಾರತೀಯ ಸಾಮಾನ್ಯ ವಿಮಾ ನಿಗಮದ ಕೈಯಲ್ಲಿದೆ. ಭಯೋತ್ಪಾದನೆಯ ಹಪ್ತೆಯು ಈ ನಿಧಿಗೆ ಸೇರುವದು. ನಷ್ಟವನ್ನು ಸದಸ್ಯರು ಪಾಲಿನಂತೆ ಹೊರುವರು. ಒಂದೊಂದು ಸ್ಥಳಕ್ಕೆ ಕೊಡುವ ರಕ್ಷಣೆಯ ಮೇರೆಯನ್ನು ಏರಿಸುತ್ತ ಬಂದು ೨೦೦೦ ಕೋಟಿ ರೂಪಾಯಿಗೆ ಮುಟ್ಟಿಸಿದರು. ೨೦೦೮ರ ನವೆಂಬರ ೨೬ರಂದು ಮುಂಬಯಿಯ ಹೋಟೆಲುಗಳಿಗಾದ ನಷ್ಟಕ್ಕೆ ಈ ನಿಧಿಯಿಂದಲೇ ಪರಿಹಾರ ಸಂದಿತು. ಮರುವರ್ಷ, ಅಂದರೆ ೨೦೦೯ರಲ್ಲಿ, ವಿಮಾ ನಿಯಂತ್ರಣ ಪ್ರಾಧಿಕಾರವು ಹೈದರಾಬಾದಿನಲ್ಲಿ ವಿಮಾ ಮಾಹಿತಿ ಕೇಂದ್ರವನ್ನು ಸ್ಥಾಪಿಸಿತು. ವಿಮಾಪತ್ರಗಳ ಮತ್ತು ಪರಿಹಾರಗಳ ಅಂಕಿಗಳನ್ನು ಕಂಪನಿಗಳಿಂದ ತರಿಸಿ ಒಟ್ಟುಗೂಡಿಸುವದು ಅದರ ಕೆಲಸ.

ಅಮೇರಿಕೆಯವರು ಇನ್ನೂ ಮುಂದೆ ಹೋಗಿದ್ದಾರೆ. ಅಲ್ಲಿಯ ೨೦೦೨ರ ಶಾಸನದ ಮೇರೆಗೆ ದೊಡ್ಡ ನಷ್ಟದಲ್ಲಿ ಸರಕಾರವೇ ಪಾಲುದಾರನಾಗುವದು. ಪಾಲು ಹೊರುವವನು ಭಾರವೆಷ್ಟೆಂದು ಕೇಳುವದು ಸಹಜವಷ್ಟೆ. ೨೦೧೫ರ ತಿದ್ದುಪಡಿಯು ಪ್ರತಿವರ್ಷ ಕಂಪನಿಗಳಿಂದ ಲೆಕ್ಕ ಪಡೆಯಬೇಕೆಂದು ಖಜಾನೆ ಇಲಾಖೆಗೆ ವಿಧಿಸಿತು. ೨೦೧೬ರಲ್ಲಿ ಇಷ್ಟವಿದ್ದವರು ಕೊಟ್ಟರು, ೨೦೧೭ರಿಂದ ಕಡ್ಡಾಯವಾಯಿತು. ಎಷ್ಟು ಜನ ಈ ರಕ್ಷಣೆಯನ್ನು ಕೊಂಡರು, ಹಪ್ತೆಯೆಷ್ಟು, ಸೊತ್ತು ಯಾವ ಪ್ರದೇಶದಲ್ಲಿದೆ, ಮರುವಿಮೆಯೆಷ್ಟು ಎಂಬವು ಪ್ರಶ್ನೆಗಳು. ತೀರ ಸಣ್ಣ ಕಂಪನಿಗಳಿಗೆ ಬರವಣಿಗೆಯ ಹೊರೆ ಆಗಬಾರದೆಂದು ವಿನಾಯಿತಿ ಇದೆ. ಪ್ರಕಟವಾಗುವದು ಒಟ್ಟು ಅಂಕಿ, ಯಾರೊಬ್ಬರ ಗುಟ್ಟಲ್ಲ.

“ಅದೆಲ್ಲ ಮುಂಬಯಿ, ನ್ಯೂಯಾರ್ಕಿನ ಮಾತಾಯಿತು, ನಮ್ಮೂರಿಗೇನು?” ಎಂದನು ಶಿಷ್ಯ. ೨೦೨೨ರ ನವೆಂಬರದಲ್ಲಿ ಮಂಗಳೂರಿನ ರಸ್ತೆಯ ಮೇಲೆ ಆಟೋರಿಕ್ಷಾದಲ್ಲಿ ಸ್ಫೋಟವಾಯಿತು. ೨೦೨೪ರ ಮಾರ್ಚ ೧ರಂದು ಬೆಂಗಳೂರಿನ ಉಪಾಹಾರಗೃಹವೊಂದರಲ್ಲಿ ಆಯಿತು. ಮಧ್ಯಾಹ್ನದ ಊಟಕ್ಕೆ ಕುಳಿತವರು ಯಾರ ವೈರಿಗಳಾಗಿದ್ದರು? ನಮ್ಮ ಹೆದ್ದಾರಿಯೂ ಪುಣೆಯಿಂದ ಬೆಂಗಳೂರಿಗೆ ಹೋಗುವ ದಾರಿಯೇ. ಹೆದರಬೇಕೆಂದು ಹೇಳುವದಿಲ್ಲ, ಲೆಕ್ಕದ ಹೊರಗೆ ಯಾವ ಊರೂ ಇಲ್ಲವೆಂದು ಹೇಳುತ್ತೇನೆ.

ನಾನು ಚಿಕ್ಕವನಿದ್ದಾಗ ಯಾರದಾದರೂ ಬಣವೆಗೆ ಬೆಂಕಿ ಬಿದ್ದರೆ, ಮನೆಗೊಂದು ಹೊರೆ ಕಣಕಿ ಕೂಡಿಸಿ ಅವನ ದನಗಳನ್ನು ಉಳಿಸುತ್ತಿದ್ದರು. ಅದಕ್ಕೂ ಮೊದಲು ಹಿರಿಯರು, “ನಿನ್ನಲ್ಲೆಷ್ಟು ಇದೆ?” ಎಂದು ಮನೆಮನೆಗೆ ಕೇಳಬೇಕಾಗುತ್ತಿತ್ತು. ಉಳ್ಳವನು ಮುಚ್ಚಿಟ್ಟರೆ ಅವನ ಪಾಲು ಇಲ್ಲದವನ ತಲೆಯ ಮೇಲೆ ಬೀಳುತ್ತಿತ್ತು.

ಆದರೆ ಕೇಳುವವನಿಗೂ ಧರ್ಮವುಂಟು. ೨೦೧೧ರ ಜನಗಣತಿಗಾಗಿ ನಾನು ಮನೆಮನೆ ತಿರುಗಿದಾಗ ಒಬ್ಬ ಅಜ್ಜಿಯು, “ಮಾಸ್ತರ, ಇಷ್ಟೆಲ್ಲ ಬರೆದುಕೊಂಡು ನಾಳೆ ಪಟ್ಟಿ ಹಾಕುವದಿಲ್ಲವಷ್ಟೆ?” ಎಂದು ಕೇಳಿದಳು. ೧೯೪೮ರ ಜನಗಣತಿಯ ಶಾಸನದಲ್ಲಿ ಆ ದಾಖಲೆಯನ್ನು ಇತರರು ನೋಡಕೂಡದೆಂದೂ, ಸಾಕ್ಷ್ಯವಾಗಿ ಎತ್ತಕೂಡದೆಂದೂ ನಿಯಮವಿದೆ. ಅದನ್ನು ಬಿಡಿಸಿ ಹೇಳಿದ ಮೇಲೆಯೇ ಆಕೆ ಬಾಯಿಬಿಟ್ಟಳು. ವಿಮೆಯ ಲೆಕ್ಕಕ್ಕೂ ಇಂಥದೇ ಬೇಲಿಯು ಬೇಕು. ಒಂದು ಕಾರಣಕ್ಕೆ ಕೇಳಿದ್ದನ್ನು ಇನ್ನೊಂದಕ್ಕೆ ಬಳಸಿದರೆ, ಮುಂದಿನ ಸಲ ಜನರು ಸುಳ್ಳು ಬರೆದಾರು. ಸುಳ್ಳು ಅಂಕಿಯ ಮೇಲೆ ಕಟ್ಟಿದ ನಿಧಿಯು ಆಪತ್ತಿನ ದಿನ ಕೈಕೊಡುವದು.

ಇನ್ನು ಶಿಷ್ಯನ ಅರ್ಧ ಬೆಲೆಯ ವಿಚಾರ. ಇಪ್ಪತ್ತು ಲಕ್ಷದ ಸರಕಿಗೆ ಹತ್ತು ಲಕ್ಷವೆಂದು ಬರೆದು, ನಾಲ್ಕು ಲಕ್ಷ ಹಾನಿಯಾದರೆ, ಸರಾಸರಿಯ ಕಲಮಿನಂತೆ ದೊರೆಯುವದು ಎರಡೇ ಲಕ್ಷ. ೨೦೨೧ರ ಏಪ್ರಿಲದಿಂದ ಬಂದ ‘ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ’ ಪತ್ರದಲ್ಲಿ ನೂರಕ್ಕೆ ಹದಿನೈದರ ವರೆಗಿನ ಕೊರತೆಗೆ ಕ್ಷಮೆಯಿದೆ. ಅರ್ಧದ ಕೊರತೆಗೆ ಇಲ್ಲ. ಮನೆಗಳಿಗಾಗಿ ಇರುವ ‘ಭಾರತ ಗೃಹ ರಕ್ಷಾ’ ಪತ್ರದಲ್ಲಿ ಭಯೋತ್ಪಾದಕ ಕೃತ್ಯದ ಹಾನಿಯೂ, ಲಗತ್ತಿಸಿದ ಕಲಮಿನ ಮೇರೆಗೆ, ಸೇರಿದೆ. ಹಳೆಯ ತರದ ಬೆಂಕಿ ವಿಮೆಯಲ್ಲಿ ಅದಕ್ಕೆ ಬೇರೆ ಹಪ್ತೆ ತೆರಬೇಕು, ತೆರದಿದ್ದರೆ ರಕ್ಷಣೆಯಿಲ್ಲ. ಆದುದರಿಂದ ಪತ್ರಕ್ಕೆ ರುಜು ಹಾಕುವ ಮೊದಲು ಆ ಕಲಮನ್ನು ಓದಿಸಿಕೊಳ್ಳತಕ್ಕದ್ದು.

ಶಿಷ್ಯನು ಸ್ವಲ್ಪ ಹೊತ್ತು ಸುಮ್ಮನಿದ್ದು, ಸರಕಿನ ನಿಜವಾದ ಬೆಲೆಯನ್ನು ಬರೆದನು. ಹೋಗುವಾಗ, “ಗುರುಗಳೇ, ನಿಮ್ಮ ಮನೆಯ ಪತ್ರದಲ್ಲಿ ಆ ಕಲಮು ಹ್ಯಾಗಿದೆ?” ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಅಂದು ರಾತ್ರಿ ಪೆಟ್ಟಿಗೆಯ ತಳದಿಂದ ಪತ್ರವನ್ನು ತೆಗೆದು, ಕನ್ನಡಕ ಏರಿಸಿಕೊಂಡು, ಮೊದಲನೆಯ ಸಲ ಪೂರ್ತಿ ಓದಿದೆನು. ವಾಚಕರೂ ಈ ಸಂಚಿಕೆಯನ್ನು ಕೆಳಗಿಟ್ಟೊಡನೆ ಹಾಗೆಯೇ ಮಾಡಬೇಕೆಂದು ವಿನಂತಿ.