ವೇದನೆಗೆ ಉಪದೇಶವೇ ಉತ್ತರವೆ?

ವರ್ಷಗಟ್ಟಲೆ ಬೆನ್ನುನೋವಿನಿಂದ ನರಳುವವರಿಗೆ ‘ಅಸಾತಾವೇದನೀಯ ಕರ್ಮದ ಉದಯ, ಸಹಿಸಿಕೊಳ್ಳಿ’ ಎನ್ನುವುದು ಧರ್ಮವಲ್ಲ, ನುಣುಚಿಕೊಳ್ಳುವಿಕೆ. ಪರೀಷಹಜಯವು ಮುನಿಗಳು ತಾವಾಗಿ ಸ್ವೀಕರಿಸಿದ ಮಾರ್ಗ. ನೊಂದ ಗೃಹಸ್ಥರ ಮೇಲೆ ಹೇರುವ ಹೊರೆಯಲ್ಲ. ತತ್ತ್ವಾರ್ಥಸೂತ್ರವು ವೇದನೆ ನೀಗಲೆಂಬ ಎಡೆಬಿಡದ ಚಿಂತೆಯನ್ನು ಆರ್ತಧ್ಯಾನವೆಂದೂ ವೈಯಾವೃತ್ಯವನ್ನು ಅಂತರಂಗ ತಪಸ್ಸೆಂದೂ ಎಣಿಸಿದೆ. ಹಾಗಾದರೆ ಆ ಚಿಂತೆಯಲ್ಲಿ ಸಿಲುಕಿದವರಿಗೆ ಕೈನೀಡುವ ಹೊಣೆ ಯಾರದು?

ಮೂರು ತಿಂಗಳು ಮೀರಿದ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲಿಕವೆನ್ನುತ್ತದೆ. ಸ್ಕ್ಯಾನಿನಲ್ಲಿ ಕಾಣದಿದ್ದರೂ ಅದು ನಿಜ. ಆಪ್ತಸಮಾಲೋಚನೆ ನೋವನ್ನು ಅಳಿಸದಿರಬಹುದು; ಅದರೊಡನೆ ಬೆಳೆದ ಭಯ, ನಿದ್ರಾಹೀನತೆ, ಒಂಟಿತನಗಳನ್ನು ತಗ್ಗಿಸಬಲ್ಲದು. ಊರ್ಡಿಗೆರೆಯಿಂದ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಬಸ್ಸಿನಲ್ಲಿ ಕೂರುವುದೇ ಇಂಥವರಿಗೆ ಶಿಕ್ಷೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಶುಲ್ಕವಿಲ್ಲದೆ ಕನ್ನಡದಲ್ಲೇ ಮಾತನಾಡಬಹುದು. ಎಷ್ಟು ಬಸದಿಗಳ ಫಲಕದಲ್ಲಿ ಅದನ್ನು ಬರೆದಿದ್ದೇವೆ? ಪಂಚಕಲ್ಯಾಣದ ಪೆಂಡಾಲಿಗೆ ಹಣ ಹೊಂದಿಸುವ ಟ್ರಸ್ಟುಗಳು ವಾರಕ್ಕೊಮ್ಮೆ ಒಬ್ಬ ಆಪ್ತಸಮಾಲೋಚಕರನ್ನು ಕರೆಸಲಾರವೆ? ವೆಚ್ಚವನ್ನು ಔಷಧದಾನದ ಲೆಕ್ಕದಲ್ಲೇ ಬರೆಯಲಿ.