ಬರಹಕ್ಕೂ ಒಂದು ತಕ್ಕಡಿ



“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತ ಬಂದವರು. ಹಾಗಾದರೆ ಊಟದ ವಿಷಯವನ್ನೇ ಬರೆದು ನಾಲ್ಕು ಕಾಸು ಸಂಪಾದಿಸುವವರು ಎರಡನ್ನೂ ಬಲ್ಲವರಾಗಿರಬೇಕಲ್ಲವೇ? ಈ ತಿಂಗಳು ಆ ಬಗ್ಗೆ ಬರೆಯೋಣವೆಂದಿದ್ದೇವೆ. ನಮ್ಮ ಮನೆಯಲ್ಲೇ ಅಂಥವಳೊಬ್ಬಳಿದ್ದಾಳೆ. ಅರವತ್ತು ದಾಟಿದ ಮೇಲೆ ನಾವು ಅವಳಿಂದ ಒಂದು ಪಾಠ ಕಲಿಯಬೇಕಾಯಿತು.

ಅವಳು ನಮ್ಮ ತಮ್ಮನ ಸೊಸೆ. ಸೇಲಂನಲ್ಲಿ ಸಂಸಾರ. ಗೃಹವಿಜ್ಞಾನ ಓದಿದವಳು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಆಹಾರ, ಆರೋಗ್ಯಗಳ ಬಗ್ಗೆ ಪತ್ರಿಕೆಗಳಿಗೂ, ಫೋನಿನಲ್ಲಿ ಓದುವವರಿಗೂ ಬರೆಯತೊಡಗಿದಳು. ಯಾರ ಕೈಕೆಳಗಿನ ನೌಕರಿಯೂ ಅಲ್ಲ, ಬರೆದಷ್ಟಕ್ಕೆ ಸಂಭಾವನೆ. ಮೊದಲ ಲೇಖನಕ್ಕೆ ಬಂದದ್ದು 500 ರೂಪಾಯಿ. ಅದೂ ನಾಲ್ಕು ತಿಂಗಳ ಮೇಲೆ. “ಇದೆಂಥ ಸಂಪಾದನೆ, ಹೊತ್ತು ಕಳೆಯುವುದಕ್ಕೆ ಸರಿ” ಎಂದು ನಾವು ನಕ್ಕಿದ್ದೆವು. ನಾವು ಮೆಟ್ರಿಕ್ ಓದಿ ಧರ್ಮಪುರಿಯಲ್ಲಿ ಧಾನ್ಯದ ಅಂಗಡಿಯಲ್ಲಿ ಕುಳಿತವರು. ಮೂಟೆ ಇಳಿಯದ, ತೂಕ ಬೀಳದ ವ್ಯಾಪಾರ ನಮಗೆ ವ್ಯಾಪಾರವೆಂದು ತೋರಲಿಲ್ಲ.

ಆದರೆ ಇದು ಹೊಸ ಕಸುಬೇನೂ ಅಲ್ಲ. ತಮಿಳುನಾಡಿನ ಮನೆಮನೆಯಲ್ಲಿ ‘ಸಮೈತ್ತುಪ್ಪಾರ್’ ಎಂಬ ಅಡುಗೆಯ ಪುಸ್ತಕವಿದೆ. ಎಸ್. ಮೀನಾಕ್ಷಿ ಅಮ್ಮಾಳ್ ಎಂಬ ಗೃಹಿಣಿ ಅದನ್ನು ಬರೆದು 1951ರಲ್ಲಿ ತಾವೇ ಪ್ರಕಟಿಸಿದರು. ಬಂಧುಗಳು ಮೇಲಿಂದ ಮೇಲೆ ಅಡುಗೆಯ ವಿಧಾನ ಕೇಳಿ ಕಾಗದ ಬರೆಯುತ್ತಿದ್ದುದೇ ಅದಕ್ಕೆ ಮೂಲ. ಹೆಸರಿನ ಅರ್ಥ “ಅಡುಗೆ ಮಾಡಿ ನೋಡು” ಎಂದು. ಇನ್ನು ನಮ್ಮ ಕನ್ನಡದ ಜೈನ ಕವಿಗಳಂತೂ ಇನ್ನೂ ಮುಂಚಿನವರು. ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದಾಗ ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯನ್ನೇ ಹೇಳಿದನು. ಮೂರನೆಯ ಮಂಗರಸನು 16ನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ವೆಂಬ ಅಡುಗೆಯ ಗ್ರಂಥವನ್ನೇ ರಚಿಸಿದನು. ಆಹಾರ ಮತ್ತು ಆರೋಗ್ಯದ ಬರವಣಿಗೆ ನಮ್ಮ ಮನೆಯ ಹಳೆಯ ಆಸ್ತಿ. ಇದನ್ನೆಲ್ಲ ನಮಗೆ ತಿಳಿಸಿದವಳೂ ಆ ಹುಡುಗಿಯೇ.

ಅವಳ ಕೆಲಸದ ರೀತಿಯನ್ನು ಒಮ್ಮೆ ಕಣ್ಣಾರೆ ಕಂಡೆವು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸಣ್ಣ ತಕ್ಕಡಿ, ಪಕ್ಕದಲ್ಲಿ ಒಂದು ನೋಟ್‌ಬುಕ್. “ಒಂದು ಹಿಡಿ”, “ಸ್ವಲ್ಪ” ಎಂಬ ಮಾತೇ ಇಲ್ಲ. ಎಲ್ಲವೂ ಗ್ರಾಂ ಲೆಕ್ಕ. ಒಂದು ತಿಂಡಿಯನ್ನು ಮೂರು ಸಲ ಮಾಡಿ, ಮೂರು ಸಲವೂ ಸರಿಬಂದರೆ ಮಾತ್ರ ಬರೆಯುತ್ತಾಳೆ. ಸಾಮೆಯ ಬಗ್ಗೆ ಬರೆಯುವ ಮೊದಲು ನಮ್ಮ ಜಿಲ್ಲೆಯ ಸಿಟ್ಟಿಲಿಂಗಿ ಕಣಿವೆಗೆ ಹೋಗಿಬಂದಳು. ಅಲ್ಲಿ ರೆಜಿ ಜಾರ್ಜ್ ಮತ್ತು ಲಲಿತಾ ಎಂಬ ವೈದ್ಯ ದಂಪತಿಗಳು 1993ರಲ್ಲಿ ಬೆಟ್ಟದ ಜನರಿಗಾಗಿ ವೈದ್ಯಸೇವೆ ಆರಂಭಿಸಿದರು. ಸಾವಯವ ಕೃಷಿಕರ ಸಂಘವೂ ಅಲ್ಲಿದೆ. ನಲವತ್ತು ವರ್ಷ ಸಾಮೆ ಮಾರಿದ ನಾವು ಅದು ಬೆಳೆಯುವ ಹೊಲದಲ್ಲಿ ಒಂದು ದಿನ ನಿಂತವರಲ್ಲ.

ಜವ್ವರಿಸಿಯ ಪ್ರಸಂಗವೂ ಹೀಗೆಯೇ. ದೂರದ ಊರಿನ ಶ್ರಾವಿಕೆಯೊಬ್ಬರು “ಉಪವಾಸದ ಮರುದಿನ ಸಾಬೂದಾನಿಯ ಪಾಯಸ ನಮಗೆ ನಡೆಯುತ್ತದೆಯೇ?” ಎಂದು ಕೇಳಿ ಅವಳಿಗೆ ಬರೆದರು. ಸೇಲಂ ಎಂದರೆ ಜವ್ವರಿಸಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರಗಿನ ಸರಕು ನಿಂತಾಗ, 1943ರ ಸುಮಾರಿಗೆ ಇಲ್ಲಿ ಆ ಉದ್ಯಮ ಶುರುವಾಯಿತು. 1981ರಲ್ಲಿ ತಯಾರಕರ ಸಹಕಾರಿ ಸಂಸ್ಥೆ ‘ಸಾಗೋಸರ್ವ್’ ಹುಟ್ಟಿತು. 2023ರಲ್ಲಿ ಸೇಲಂ ಜವ್ವರಿಸಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಸಾವಿರಾರು ಮನೆಗಳ ಅನ್ನ ಅದರಲ್ಲಿದೆ. ಅವಳು ಕಾರ್ಖಾನೆಗೆ ಹೋಗಿ ನೋಡಿದಳು. ಮರಗೆಣಸಿನ ಸಿಪ್ಪೆ ತೆಗೆದು, ತೊಳೆದು, ಅರೆದು, ಹಾಲು ಸೋಸಿ ತೊಟ್ಟಿಯಲ್ಲಿ ತಳ ಕೂರಿಸುತ್ತಾರೆ. ಆ ಹಿಟ್ಟನ್ನು ತೂಗಿ ಆಡಿಸಿ ಕಾಳುಗಟ್ಟಿಸಿ, ಬಿಸಿ ಮಾಡಿ, ಅಂಗಳದಲ್ಲಿ ಒಣಗಿಸುತ್ತಾರೆ. ಕಂಡದ್ದನ್ನು ಕಂಡಂತೆ ಬರೆದಳು: “ಇದು ಧಾನ್ಯವಲ್ಲ, ಗೆಡ್ಡೆಯ ಪಿಷ್ಟ. ಕಂದಮೂಲ ತ್ಯಾಗ ಮಾಡಿದವರು ಇದನ್ನು ತಿಳಿದು ತಮ್ಮ ನಿಯಮದಂತೆ ನಡೆಯಲಿ. 100 ಗ್ರಾಂನಲ್ಲಿ ಪ್ರೋಟೀನು ಒಂದು ಗ್ರಾಂ ಕೂಡ ಇಲ್ಲ. ಆದರೆ ಬೇಗ ಶಕ್ತಿ ಕೊಡುತ್ತದೆ.” ಸರಕನ್ನು ಹಳಿಯಲಿಲ್ಲ, ಹೊಗಳಲಿಲ್ಲ. ಊರಿನ ಕೆಲವರಿಗೆ ಕೋಪ ಬಂತು. ಬರೆದದ್ದು ಸುಳ್ಳೆಂದು ಮಾತ್ರ ಯಾರೂ ಹೇಳಲಿಲ್ಲ.

ಇಷ್ಟರಲ್ಲಿ ಅವಳ ಹೆಸರು ನಾಲ್ಕು ಜನಕ್ಕೆ ತಿಳಿದಿತ್ತು. ಸಿರಿಧಾನ್ಯದ ಗಂಜಿಹಿಟ್ಟು ಮಾರುವ ಒಂದು ಕಂಪನಿಯವರು ಆರು ಲೇಖನ ಬರೆದುಕೊಡಲು ಕೇಳಿದರು. ಸಂಭಾವನೆ 30,000 ರೂಪಾಯಿ. ಅಷ್ಟು ದೊಡ್ಡ ಮೊತ್ತವನ್ನು ಅವಳು ಒಟ್ಟಿಗೆ ಕಂಡೇ ಇರಲಿಲ್ಲ. ಮಗಳ ಶಾಲೆಯ ಹಣ ಕಟ್ಟುವ ಕಾಲವೂ ಅದೇ. ಆದರೆ ಎರಡು ಷರತ್ತು. ಮೂರು ತಿಂಗಳು ಈ ಗಂಜಿ ಕುಡಿದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಮಾತ್ರೆ ಬೇಕಾಗುವುದಿಲ್ಲ ಎಂಬ ಮಾತು ಪ್ರತಿ ಲೇಖನದಲ್ಲೂ ಇರಬೇಕು. ಹಣ ಪಡೆದು ಬರೆದದ್ದೆಂದು ಎಲ್ಲಿಯೂ ಹೇಳಬಾರದು.

ಅವಳು ನಮ್ಮ ಸಲಹೆ ಕೇಳಿದಳು. ನಾಚಿಕೆಯಾದರೂ ಇದ್ದದ್ದನ್ನು ಬರೆಯುತ್ತೇವೆ. ನಾವು ಹೇಳಿದ್ದು ಇಷ್ಟು: “ಇದಕ್ಕೆಲ್ಲ ಯಾಕಮ್ಮಾ ಇಷ್ಟು ಯೋಚನೆ? ಸಾಮೆ ಒಳ್ಳೆಯದೇ ತಾನೆ? ವ್ಯಾಪಾರ ಅಂದಮೇಲೆ ತನ್ನ ಸರಕನ್ನು ಸ್ವಲ್ಪ ಹೆಚ್ಚಾಗಿ ಹೊಗಳದವರು ಯಾರು? ಬರೆದುಕೊಡು.”

ಅವಳು ತಲೆ ತಗ್ಗಿಸಿಯೇ ಕೇಳಿದಳು: “ದೊಡ್ಡ ಮಾವ, ನಮ್ಮ ಅಂಗಡಿಯ ತಕ್ಕಡಿ ತಟ್ಟೆಯ ಅಡಿಗೆ ಯಾರಾದರೂ ಚೂರು ಹುಣಸೆಹಣ್ಣು ಅಂಟಿಸಿದರೆ, ಸ್ವಲ್ಪ ತಾನೆ ಅಂತ ನೀವು ಬಿಡ್ತೀರಾ?”

“ಅದು ಬೇರೆ, ಇದು ಬೇರೆ” ಎಂದು ಹೇಳಿ ನಾವು ಎದ್ದುಹೋದೆವು.

ಅದಾದ ಹತ್ತು ಹದಿನೈದು ದಿನಕ್ಕೆ ನಮ್ಮ ಹಳೆಯ ಗೆಳೆಯರೊಬ್ಬರು ಆಸ್ಪತ್ರೆ ಸೇರಿದ ಸುದ್ದಿ ಬಂತು. ಹುಣಸೆಹಣ್ಣಿನ ವ್ಯಾಪಾರಿ, ಲೆಕ್ಕದಲ್ಲಿ ಬಲು ಗಟ್ಟಿ ಮನುಷ್ಯ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ನೋಡಲು ಹೋದರೆ ಬಲಗಾಲಿಗೆ ಪಟ್ಟಿ ಕಟ್ಟಿದ್ದರು. ಒಂದು ಬೆರಳನ್ನು ತೆಗೆದುಹಾಕಿದ್ದರು. ಚಪ್ಪಲಿ ಕಚ್ಚಿದ ಗಾಯ ಮಾಯಲಿಲ್ಲವಂತೆ. ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲವೇ ಎಂದು ಕೇಳಿದೆವು. ಅವರು ದಿಂಬಿನ ಪಕ್ಕದ ಫೋನು ತೋರಿಸಿದರು. “ಸಾಮೆ ಗಂಜಿ ಕುಡಿದರೆ ಮಾತ್ರೆ ಬೇಕಿಲ್ಲ ಅಂತ ಇದರಲ್ಲಿ ಬರೆದಿತ್ತು. ಎರಡು ತಿಂಗಳು ಬಿಟ್ಟೆ. ಓದಿದವರು ಬರೆದದ್ದು, ಸುಳ್ಳಿರುತ್ತದೆಯೇ ಅಂದುಕೊಂಡೆ.”

ಅದನ್ನು ಬರೆದವರು ಯಾರೋ ಗೊತ್ತಿಲ್ಲ. ನಮ್ಮ ಸೊಸೆಯಂತೂ ಅಲ್ಲ. ಆದರೆ “ಬರೆದುಕೊಡು” ಎಂದು ನಾವು ಹೇಳಿದ್ದೂ ಅದೇ ಮಾತನ್ನೇ. ಗೆಳೆಯರು ಕುಡಿದ ಸಾಮೆ ನಮ್ಮ ಅಂಗಡಿಯದೇ ಎಂಬುದೂ ನೆನಪಾಯಿತು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮರುದಿನ ಬೆಳಿಗ್ಗೆ ಸೇಲಂಗೆ ಫೋನು ಮಾಡಿ, “ಅಮ್ಮಾ, ಅದು ಬೇರೆ ಇದು ಬೇರೆ ಅಲ್ಲ, ಎರಡೂ ಒಂದೇ. ನಾವು ಹೇಳಿದ್ದು ತಪ್ಪು” ಎಂದೆವು. ಅವಳು ಹಿಂದಿನ ವಾರವೇ ಆ ಕೆಲಸ ಬೇಡವೆಂದು ತಿಳಿಸಿಬಿಟ್ಟಿದ್ದಳು.

ಹಾಗಾದರೆ ಸಾಮೆ ಒಳ್ಳೆಯದಲ್ಲವೇ? ಒಳ್ಳೆಯದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕವನ್ನು ಅವಳು ನಮಗೆ ತೋರಿಸಿದಳು. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಪಿಷ್ಟಾಂಶ ಸುಮಾರು 78 ಗ್ರಾಂ, ಸಾಮೆಯಲ್ಲಿ ಸುಮಾರು 65 ಗ್ರಾಂ. ನಾರು ಅಕ್ಕಿಯಲ್ಲಿ 3 ಗ್ರಾಂನೊಳಗೆ, ಸಾಮೆಯಲ್ಲಿ 7 ಗ್ರಾಂಗೂ ಮೇಲೆ. ಆದ್ದರಿಂದ ಅಕ್ಕಿಗಿಂತ ಸಾಮೆ ಮೇಲು. ಆದರೆ 65 ಗ್ರಾಂ ಪಿಷ್ಟವೂ ಹೊಟ್ಟೆಯಲ್ಲಿ ಸಕ್ಕರೆಯೇ ಆಗುವುದು. “ಮೇಲು” ಎಂಬುದಕ್ಕೂ “ವಾಸಿಮಾಡುತ್ತದೆ” ಎಂಬುದಕ್ಕೂ ನಡುವೆ ಒಂದು ಕಾಲ್ಬೆರಳಿನಷ್ಟು ಅಂತರವಿದೆ.

ನಮ್ಮ ಆಚಾರ್ಯರು ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವನ್ನೂ ಕೂಟಲೇಖವನ್ನೂ ಎಣಿಸಿದ್ದಾರೆ. ಅಂದರೆ ಸುಳ್ಳು ಬೋಧನೆ, ಸುಳ್ಳು ಬರಹ. ಅಚೌರ್ಯದ ಅತಿಚಾರಗಳಲ್ಲಿ ಕಳ್ಳತೂಕವನ್ನೂ ಕಲಬೆರಕೆಯನ್ನೂ ಎಣಿಸಿದ್ದಾರೆ. ವ್ಯಾಪಾರಿಗಳಾದ ನಾವು ಕೊನೆಯ ಎರಡನ್ನು ಬಾಯಿಪಾಠ ಮಾಡಿ ಮೊದಲಿನೆರಡನ್ನು ಮರೆತಿದ್ದೆವು.

ಕಾನೂನು ಕೂಡ ಮರೆತಿಲ್ಲ. ಸಕ್ಕರೆ ಕಾಯಿಲೆ ಮೊದಲಾದ ರೋಗಗಳನ್ನು ಗುಣಪಡಿಸುವುದಾಗಿ ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯಡಿ ನಿಷೇಧಿಸಲಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕನಿಗಷ್ಟೇ ಅಲ್ಲ, ಅದನ್ನು ಅನುಮೋದಿಸಿದವನಿಗೂ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು; ಮತ್ತೆ ಮಾಡಿದರೆ 50 ಲಕ್ಷದವರೆಗೆ. ಹಣವನ್ನೋ ಸರಕನ್ನೋ ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ಹೇಳಬೇಕೆಂದು ಕೇಂದ್ರ ಸರಕಾರ 2023ರ ಜನವರಿಯಲ್ಲಿ ತಿಳಿಸಿದೆ.

ಈ ಕಸುಬಿಗೆ ಬರಬೇಕೆಂದಿರುವ ನಮ್ಮ ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೂ ಸಹ, ಸೊಸೆಯನ್ನು ಕೇಳಿ ತಿಳಿದ ಕೆಲವು ವ್ಯವಹಾರದ ಮಾತುಗಳನ್ನು ಹೇಳುತ್ತೇವೆ. ಬರೆಯುವ ಮೊದಲೇ ದರವನ್ನೂ, ಹಣ ಬರುವ ದಿನವನ್ನೂ ಬರಹದಲ್ಲಿ ಪಡೆಯಿರಿ. ನಂಟರ ಪತ್ರಿಕೆಯಾದರೂ ಸರಿಯೇ. ಕೊಟ್ಟ ಪ್ರತಿಯೊಂದು ಲೇಖನಕ್ಕೂ ಬಿಲ್ಲು ಮಾಡಿ. ಶೇಕಡ 10ರಂತೆ ಆದಾಯತೆರಿಗೆ ಹಿಡಿದಿದ್ದರೆ ಅದರ ಲೆಕ್ಕ ಇಟ್ಟುಕೊಂಡು, ಬಾಕಿ ಬರುವುದಿದ್ದರೆ ವಾಪಸು ಕೇಳಿ. ನೌಕರಿಯಲ್ಲಿಲ್ಲದೆ ಬರೆದ ಲೇಖನದ ಹಕ್ಕು 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಸಾಮಾನ್ಯವಾಗಿ ಬರೆದವರದೇ. ಅದನ್ನು ಬಿಟ್ಟುಕೊಡುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೇ ಲೆಕ್ಕ. ಆದ್ದರಿಂದ ಓದದೆ ಸಹಿ ಹಾಕಬೇಡಿ. ಮೊದಲ ಎರಡು ವರ್ಷ ಇದನ್ನೇ ನಂಬಿ ಸಂಸಾರ ನಡೆಸುವ ಯೋಚನೆ ಬೇಡ. ಅಂಗಡಿಗೂ ಗಿರಾಕಿ ಕೂಡಲು ಅಷ್ಟು ಕಾಲ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಾಡಿ ನೋಡದ ಅಡುಗೆಯನ್ನೂ, ಕೇಳಿ ತಿಳಿಯದ ಮದ್ದನ್ನೂ ಬರೆಯಬೇಡಿ. “ವೈದ್ಯರನ್ನು ಕೇಳದೆ ಮಾತ್ರೆ ಬಿಡಬಾರದು” ಎಂದು ಬರೆದರೆ ಲೇಖನದ ಅಂದ ಕೆಡುವುದಿಲ್ಲ.

ನಮ್ಮ ಧರ್ಮಪುರಿಯ ಹಳೆಯ ಹೆಸರು ತಗಡೂರು. ಅಲ್ಲಿ ನಿಧಿಯಣ್ಣ, ಚಂದಿಯಣ್ಣ ಎಂಬ ವರ್ತಕನ ಮಕ್ಕಳು ಬಸದಿ ಕಟ್ಟಿಸಿದ ವಿಷಯ ಕ್ರಿ.ಶ. 893ರ ಕನ್ನಡ ಶಾಸನದಲ್ಲಿದೆ. ಅವರ ಅಂಗಡಿ ಏನಾಯಿತೋ, ಲಾಭನಷ್ಟ ಎಷ್ಟಿತ್ತೋ ಯಾರಿಗೂ ತಿಳಿಯದು. ಬರೆಸಿದ ಮಾತು ಉಳಿದಿದೆ. ಕಲ್ಲಿನ ಮೇಲಾಗಲಿ, ಫೋನಿನಲ್ಲಾಗಲಿ, ಬರೆದದ್ದು ನಮ್ಮ ಕೈಬಿಟ್ಟ ಮೇಲೂ ಯಾರನ್ನೋ ಮುಟ್ಟುತ್ತಲೇ ಇರುತ್ತದೆ.

ಆ 30,000 ರೂಪಾಯಿ ಮತ್ತೆ ಬರಲಿಲ್ಲ. ಆ ವರ್ಷ ಮಗಳ ಶಾಲೆಯ ಹಣಕ್ಕೆ ಅವಳ ಚೀಟಿಯ ಉಳಿತಾಯ ಖರ್ಚಾಯಿತು. ಅವಳು ಈಗಲೂ ಬರೆಯುತ್ತಾಳೆ. ತಿಂಗಳಿಗೆ ಒಮ್ಮೊಮ್ಮೆ ಚೆನ್ನಾಗಿ ಬರುತ್ತದೆ, ಒಮ್ಮೊಮ್ಮೆ ಏನೂ ಇಲ್ಲ. ನಾವು ಮಾತ್ರ ನಗುವುದನ್ನು ಬಿಟ್ಟಿದ್ದೇವೆ. ಅವಳು ಬರೆಯುವ ಹೊತ್ತಿನಲ್ಲಿ ಕಾಫಿ ಕೇಳಬಾರದೆಂದು ತಮ್ಮನಿಗೂ ಹೇಳಿದ್ದೇವೆ.

ಕಳೆದ ತಿಂಗಳು ಆ ಗೆಳೆಯರು ಕುಂಟುತ್ತ ಅಂಗಡಿಗೆ ಬಂದು ಎರಡು ಕಿಲೋ ಸಾಮೆ ಕೇಳಿದರು. ತೂಗಿ ಕೊಟ್ಟು, “ಮಾತ್ರೆ?” ಎಂದೆವು. ಅವರು ಜೇಬಿನಿಂದ ಚೀಟಿ ತೆಗೆದು ತೋರಿಸಿದರು. ಅಂದಿನಿಂದ ಸಾಮೆ ಕೊಳ್ಳಲು ಬರುವ ಹಿರಿಯರನ್ನೆಲ್ಲ ನಾವು ಆ ಮಾತು ಕೇಳಿಯೇ ಕಳಿಸುತ್ತೇವೆ.

ಜೈ ಜಿನೇಂದ್ರ.