ಉಸಿರು ನೋಡೋದು, ತಲೆ ಎತ್ತೋದು

ಫೋಟೋದಲ್ಲಿ ಕಾಣ್ತಿರೋದು ಬೆಟ್ಟ ಅಲ್ಲ. ಅದು ಕೆಜಿಎಫ್‌ನ ಸೈನೈಡ್ ದಿಬ್ಬ. ಅದಿರನ್ನು ಹಿಟ್ಟಿನ ಹಾಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ. ಊರಿನ ದಿಬ್ಬಗಳನ್ನೆಲ್ಲ ಸೇರಿಸಿದರೆ 3 ಕೋಟಿ ಟನ್‌ಗೂ ಹೆಚ್ಚು. ಗಾಳಿ ಜೋರಾದರೆ ಆ ಪುಡಿ ಮನೆಯೊಳಗೆ, ಮೂಗಿನೊಳಗೆ.

ಇಂಥ ಕಡೆ ಯಾರಾದರೂ ಬಂದು "ಉಸಿರು ದೀರ್ಘವಾಗಿ ಎಳೆದುಕೊಳ್ಳಿ, ಒಳಗಿನ ಬಿಡುಗಡೆ ಸಿಗುತ್ತೆ" ಅಂದ್ರೆ ಹೇಗಿರುತ್ತೆ, ನೀವೇ ಹೇಳಿ.

ಯೋಗ, ಧ್ಯಾನ ಬೇಡ ಅಂತ ನಾನು ಹೇಳ್ತಿಲ್ಲ. ಬೇಕು. ನನ್ನ ತಕರಾರು ಇರೋದು ಅದರ ಜೊತೆಗೆ ಸುಮ್ಮನೆ ಸೇರಿಸಿ ಕೊಡೋ ಒಂದು ಮಾತಿನ ಬಗ್ಗೆ: "ಹೊರಗಿನದನ್ನ ಬಿಡಿ, ನಿಮ್ಮ ಮನಸ್ಸು ಸರಿಮಾಡ್ಕೊಳ್ಳಿ." ಕೆಲಸ ಹೋಯ್ತಾ? ಮನಸ್ಸು ಸರಿಮಾಡ್ಕೊಳ್ಳಿ. ಧೂಳಾ? ಪ್ರಾಣಾಯಾಮ ಮಾಡಿ. ಇದು ಬಿಡುಗಡೆಯಲ್ಲ, ಬಾಯಿಗೆ ಹಾಕೋ ಬೀಗ.

ಈ ಊರಿಗೆ ಒಳಗಿನ ಬಿಡುಗಡೆ ಅಂದ್ರೇನು ಅಂತ ನೂರು ವರ್ಷದ ಹಿಂದೆಯೇ ಗೊತ್ತಿತ್ತು.

ತಮಿಳು ಚಿಂತಕ ಅಯೋಥಿದಾಸ್ ಪಂಡಿತರು 1898ರಲ್ಲಿ ಬೌದ್ಧ ಧರ್ಮದ ಕಡೆ ತಿರುಗಿ, ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಅದರ ಶಾಖೆ ಮಾರಿಕುಪ್ಪಂನಲ್ಲೂ ಬಂತು. ಅಂಬೇಡ್ಕರ್ ನಾಗಪುರದಲ್ಲಿ ದೀಕ್ಷೆ ತಗೊಂಡಿದ್ದು 1956ರಲ್ಲಿ. ಅದಕ್ಕೂ ದಶಕಗಳ ಮೊದಲು, ನಮ್ಮ ಗಣಿ ಕಾರ್ಮಿಕರ ಲೈನುಗಳಲ್ಲಿ ಬುದ್ಧನ ಮಾತು ಓಡಾಡ್ತಿತ್ತು!

ಅವರು ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತಿದ್ದರು ಅನ್ನೋದು ಮುಖ್ಯ ಅಲ್ಲ. ಅವರಿಗೆ ಬುದ್ಧ ಕೊಟ್ಟಿದ್ದು ಒಂದು ನೋಟ. "ನೀನು ಕೀಳು" ಅಂತ ಜಾತಿ ಹೇಳಿದ್ದು ಸತ್ಯ ಅಲ್ಲ, ಹೊರಗಿಂದ ತುಂಬಿದ್ದು ಅಂತ ಕಾಣೋ ನೋಟ. ಬಿಡುಗಡೆ ಶುರುವಾದದ್ದು ಒಳಗೇ. ಆದರೆ ಒಳಗೇ ನಿಲ್ಲಲಿಲ್ಲ. ಓದಾಯಿತು, ಸಂಘವಾಯಿತು, ತಲೆ ಎತ್ತಿ ನಡೆಯೋದಾಯಿತು.

ಧ್ಯಾನದ ಕೆಲಸವೂ ಅದೇ ತಾನೇ? ಉಸಿರನ್ನ ಬದಲಾಯಿಸದೆ, ಬರೋದನ್ನ ಹೋಗೋದನ್ನ ಇದ್ದ ಹಾಗೆ ನೋಡೋದು. ಭಯ ಬಂದರೆ "ಇದು ಭಯ" ಅಂತ ಗುರುತಿಸೋದು. ಹೀಗೆ ನೋಡೋಕೆ ಕಲಿತವನು ಧೂಳನ್ನೂ ಧೂಳು ಅಂತಲೇ ನೋಡ್ತಾನೆ. ಕರ್ಮ ಅನ್ನಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. 3 ಕಿಲೋಮೀಟರಿಗಿಂತ ಆಳಕ್ಕೆ ಇಳಿಯುತ್ತಿದ್ದ ಊರು ಈಗ ರೈಲು ಹತ್ತುತ್ತೆ. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಆಮೇಲೆ ಬಂಗಾರಪೇಟೆ, ಅಲ್ಲಿಂದ ಬೆಂಗಳೂರು. ಕತ್ತಲಲ್ಲಿ ಹೊರಟು ಕತ್ತಲಲ್ಲಿ ವಾಪಸ್. ಅವರಿಗೆ "ಬೆಳಗ್ಗೆ ಒಂದು ಗಂಟೆ ಸಾಧನೆ ಮಾಡಿ" ಅನ್ನೋದು ಸುಲಭ. ಆ ಗಂಟೆ ಎಲ್ಲಿಂದ ತರೋದು?

ಹಾಗಾಗಿ ನೀವು ಆ ರೈಲಿನವರಾಗಿದ್ದರೆ ಇಷ್ಟೇ ಕೇಳ್ಕೊಳ್ಳೋದು. ಮ್ಯಾಟ್ ಬೇಡ, ಶಿಬಿರದ ಫೀಸೂ ಬೇಡ. ಬಂಗಾರಪೇಟೆ ಬರೋವರೆಗೆ ಮೊಬೈಲ್ ಜೇಬಲ್ಲಿರಲಿ. ಸೀಟು ಸಿಗದಿದ್ದರೆ ಕಂಬಿ ಹಿಡಿದು ನಿಂತೇ ಉಸಿರು ನೋಡಿ. ಮನಸ್ಸು ಓಡಿಹೋಗುತ್ತೆ, ಹೋಗಲಿ. ಬೈಯದೆ ವಾಪಸ್ ಕರ್ಕೊಂಡು ಬನ್ನಿ. ಆ ಹೊತ್ತು ಯಾವ ಕಂಪನಿಯದ್ದೂ ಅಲ್ಲ, ನಿಮ್ಮದು.

ಆಮೇಲೆ ಕಣ್ಣು ಬಿಟ್ಟು ಕಿಟಕಿ ಆಚೆ ನೋಡಿ. ಮನಸ್ಸು ತಣ್ಣಗಾಗಿದೆ ಅಂತ ಪ್ರಶ್ನೆ ಕೇಳೋದು ನಿಲ್ಲಿಸಬೇಡಿ. ತಣ್ಣಗಿರೋ ಮನಸ್ಸು ಕೇಳೋ ಪ್ರಶ್ನೆಗೆ ನಡುಕ ಇರಲ್ಲ.

ನಿಮ್ಮ ಧ್ಯಾನ ನಿಮ್ಮನ್ನ ಸುಮ್ಮನಾಗಿಸಿದೆಯಾ, ಗಟ್ಟಿ ಮಾಡಿದೆಯಾ? ಕಾಮೆಂಟಲ್ಲಿ ಬರೀರಿ, ಓದ್ತೀನಿ.

#ಕೆಜಿಎಫ್ #ಬಂಗಾರಪೇಟೆ #ಉಸಿರು #ಒಳಗಿನಬಿಡುಗಡೆ